ಎಡಗೈಯಲ್ಲಿ ಹಲ್ಲುಜ್ಜುವ ಸಂಶೋಧನೆ

ಪೇಪರಿನಲ್ಲಿ ಬಂದ ಆರೋಗ್ಯದ ಸುದ್ದಿಯನ್ನು ಕಣ್ಣುಮುಚ್ಚಿ ನಂಬುವ ಒಂದೇ ಒಂದು ತಲೆಯನ್ನೂ ತನ್ನ ತರಗತಿಯಿಂದ ಹೊರಗೆ ಬಿಡುವುದಿಲ್ಲ ಎಂದು ಜೀವಶಾಸ್ತ್ರದ ಮೇಷ್ಟ್ರು ಪಣ ತೊಟ್ಟಿದ್ದರು. ಹತ್ತನೇ ತರಗತಿಯ ಮೂವತ್ತೊಂದು ಮಕ್ಕಳಿಗೆ ನಾಲ್ಕು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದ್ದರು: ಎಷ್ಟು ಜನರನ್ನು ನೋಡಿದರು? ಎಷ್ಟು ದಿನ? ಯಾರೊಂದಿಗೆ ಹೋಲಿಸಿದರು? ಲಾಭ ಯಾರಿಗೆ? ಆದರೆ ಈ ಪಾಠಕ್ಕೆ ಸಿಕ್ಕಿದ್ದ ಶುಕ್ರವಾರದ ಪೀರಿಯಡ್ಡಿನ ಮೇಲೆ ಗಣಿತದ ಮೇಷ್ಟ್ರ ಕಣ್ಣು ಬಿದ್ದಿತ್ತು. ಹೆಡ್‌ಮಿಸ್ ತಾವೇ ಒಂದು ಪಾಠ ಕೂತು ಕೇಳಿ ತೀರ್ಮಾನಿಸುವುದಾಗಿ ಹೇಳಿದ್ದರು.

ಭಾನುವಾರ ಮೇಷ್ಟ್ರು ಆ ಪಾಠಕ್ಕೆಂದು ಒಂದು ಸುಳ್ಳು ಸುದ್ದಿ ಹೊಸೆದರು. 'ಎಡಗೈಯಲ್ಲಿ ಹಲ್ಲುಜ್ಜಿ, ನೆನಪಿನ ಶಕ್ತಿ ಇಮ್ಮಡಿಸಿಕೊಳ್ಳಿ'. ಒಂಬತ್ತು ಜನ, ಮೂರೇ ದಿನ, ಖರ್ಚು ಬ್ರಷ್ ಕಂಪನಿಯದು. ಆನೆ ನುಗ್ಗುವಷ್ಟು ದೊಡ್ಡ ತೂತುಗಳನ್ನು ಬೇಕೆಂದೇ ಬಿಟ್ಟು, ಥೇಟ್ ಪೇಪರಿನಂತೆ ಎರಡು ಕಾಲಂ ಮಾಡಿ, ಪ್ರಿಂಟಿಗೆ ಕೊಟ್ಟು ಸ್ನಾನಕ್ಕೆ ಹೋದರು. ಹೊರಗೆ ಬರುವಷ್ಟರಲ್ಲಿ ಹೆಂಡತಿ ಪ್ರಿಂಟರ್ ಮುಂದೆ ನಿಂತಿದ್ದರು.

"ರೀ, ಎಷ್ಟು ಚೆನ್ನಾಗಿದೆ ಇದು. ಫೋಟೋ ತೆಗೆದು ವಾಕಿಂಗ್ ಗ್ರೂಪಿಗೆ ಹಾಕಿಬಿಟ್ಟೆ."

"ಅಯ್ಯೋ, ಅದು ಸುಳ್ಳು ಕಣೇ. ನಾನೇ ಬರೆದಿದ್ದು."

"ನೀವಾ? ನಮ್ಮಣ್ಣನಿಗೆ ನೀವು ಮೂರು ಸಾಲು ಕಾಗದ ಬರೆದಿದ್ದನ್ನ ನಾನು ತಿದ್ದಬೇಕಾಯ್ತು. ಸುಮ್ನಿರಿ."

ಮಂಗಳವಾರ ಹೆಂಡತಿ ಬೀರುವಿನ ಕೀಲಿ ಕುಣಿಸುತ್ತಾ ಬಂದರು. ಅದು ಕಳೆದು ಮೂರು ತಿಂಗಳಾಗಿತ್ತು. ಮೂರು ತಿಂಗಳೂ ಮೇಷ್ಟ್ರು 'ನಿನಗೆ ಮರೆವು ಜಾಸ್ತಿ' ಎಂದು ಹಂಗಿಸಿದ್ದರು.

"ಎಡಗೈ ಮಹಿಮೆ. ಎರಡೇ ದಿನಕ್ಕೆ ಸಿಕ್ತು."

"ಎಷ್ಟು ಜನರ ಮೇಲೆ ನೋಡಿದೆ?"

"ನನ್ನೊಬ್ಬಳ ಮೇಲೆ. ಸಾಲದಾ?"

ಗುರುವಾರ ಸ್ಟಾಫ್ ರೂಮಿಗೆ ಹೆಡ್‌ಮಿಸ್ ಬಂದರು. ಎಡಗೆನ್ನೆಯ ಮೇಲೆ ಪೇಸ್ಟಿನ ಬಿಳಿ ಗೀರು ಒಣಗಿತ್ತು. "ಮೇಷ್ಟ್ರೇ, ನಿಮ್ಮ ಮನೆಯವರು ನಮ್ಮ ವಾಕಿಂಗ್ ಗ್ರೂಪಿಗೆ ಹಾಕಿದ್ದು ಅದ್ಭುತ. ಮಕ್ಕಳ ಹೆಸರೆಲ್ಲ ಈಗ ನಾಲಗೆ ತುದೀಲಿ ಇರುತ್ತೆ."

ಪಾಠಕ್ಕೆ ಬೇರೆ ಸುದ್ದಿ ಹಾಕಿ ಮೇಷ್ಟ್ರು ಬಚಾವಾಗಬಹುದಿತ್ತು. ಆದರೆ ಹೆಡ್‌ಮಿಸ್‌ಗೆ ಹೆದರಿ ಸುಳ್ಳನ್ನು ಮುಚ್ಚಿಟ್ಟವನು ಮಕ್ಕಳಿಗೆ ಯಾವ ಮುಖ ಇಟ್ಟುಕೊಂಡು ಪ್ರಶ್ನೆ ಕೇಳಲು ಹೇಳುವುದು? ಪೀರಿಯಡ್ ಹೋದರೆ ಹೋಗಲಿ ಎಂದು ಹಲ್ಲುಕಚ್ಚಿ ಅದೇ ಸುದ್ದಿಯ ಮೂವತ್ತೆರಡು ಪ್ರತಿ ತೆಗೆಸಿದರು. ಮೂವತ್ತೆರಡನೆಯದು ಹೆಡ್‌ಮಿಸ್‌ಗೆ.

ಶುಕ್ರವಾರ ಮೊದಲ ಬೆಂಚಿನ ಹುಡುಗಿಗೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. "ಸರ್, ಬರೀ ಒಂಬತ್ತು ಜನ. ಮೂರು ದಿನ. ಬಲಗೈಯಲ್ಲಿ ಉಜ್ಜಿದವರನ್ನ ನೋಡೇ ಇಲ್ಲ. ಲಾಭ ಬ್ರಷ್ ಕಂಪನಿಗೆ. ಇದನ್ನ ಯಾರಾದ್ರೂ ನಂಬ್ತಾರಾ ಸರ್?"

ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್ ಎಡಗೈಯನ್ನು ಮೆಲ್ಲಗೆ ಡೆಸ್ಕಿನ ಕೆಳಗೆ ಇಳಿಸಿದರು.

"ನಂಬ್ತಾರಮ್ಮ. ಓದಿದವರೂ ನಂಬ್ತಾರೆ," ಎಂದರು ಮೇಷ್ಟ್ರು. "ಇದನ್ನ ಬರೆದಿದ್ದು ನಾನೇ."

ಹೆಡ್‌ಮಿಸ್ ಎದ್ದು ನಿಂತರು. "ಈ ಪಾಠದಿಂದ ಮಕ್ಕಳು ಜಾಣರಾಗ್ತಾರೆ ಅಂತ ನಿಮ್ಮ ಮೇಷ್ಟ್ರು ನನಗೆ ಬರೆದುಕೊಟ್ಟಿದ್ದಾರೆ. ಮಕ್ಕಳೇ, ಅವರಿಗೂ ಕೇಳಿ ನಿಮ್ಮ ಪ್ರಶ್ನೆಗಳನ್ನ."

"ಎಷ್ಟು ಜನ ಸರ್?" ಎಂದಳು ಮೊದಲ ಬೆಂಚಿನ ಹುಡುಗಿ.

"ಮೂವತ್ತೊಂದು."

"ಪಾಠ ಕೇಳದವರ ಜೊತೆ ಹೋಲಿಸಿದ್ರಾ?"

"ಇಲ್ಲಮ್ಮ."

"ಲಾಭ ಯಾರಿಗೆ?"

"ಪೀರಿಯಡ್ ಉಳಿದ್ರೆ... ನನಗೇ."

ತರಗತಿ ಬಿದ್ದು ಬಿದ್ದು ನಕ್ಕಿತು. ಹೆಡ್‌ಮಿಸ್ ಕೂಡ ನಕ್ಕರು. "ಪೀರಿಯಡ್ ನಿಮಗೇ ಇರಲಿ. ಪಕ್ಕದ ಸೆಕ್ಷನ್‌ಗೆ ಗಣಿತ ಹಾಕ್ತೀನಿ. ವರ್ಷದ ಕೊನೆಗೆ ಹೋಲಿಸಿ ನೋಡೋಣ."

ಮೇಷ್ಟ್ರು ಗೆದ್ದ ಖುಷಿಯಲ್ಲಿ ಮನೆಗೆ ಬಂದು ಎಲ್ಲವನ್ನೂ ಹೇಳಿದರು. ಹೆಂಡತಿ ಕೆನ್ನೆಗೆ ಕೈಯಿಟ್ಟು ಕೂತರು.

"ಹಾಗಾದ್ರೆ ನಿಜವಾಗ್ಲೂ ನೀವೇ ಬರೆದಿದ್ದಾ?"

"ಇನ್ನೇನು ಮತ್ತೆ? ಎಡಗೈಗೂ ಕೀಲಿಗೂ ಏನೇನೂ ಸಂಬಂಧ ಇಲ್ಲ. ಅಂದಹಾಗೆ, ಎಲ್ಲಿತ್ತು ಅದು?"

"ನಿಮ್ಮ ಹಳೇ ಪ್ಯಾಂಟಿನ ಜೇಬಲ್ಲಿ," ಎಂದರು ಹೆಂಡತಿ. "ನಾಳೆಯಿಂದ ನೀವು ಎಡಗೈಯಲ್ಲೇ ಉಜ್ಜಿ."