ಕ್ಲಚ್ಚು ನನ್ನದು, ಗೇರು ಅವಳದು

ಡೀಸೆಲ್ ಗಾಡಿ ಇಟ್ಟುಕೊಂಡವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ದಾರಿಯಲ್ಲಿ ಕೈ ಅಡ್ಡ ಹಾಕಿ ನಿಲ್ಲಿಸುತ್ತವೆ. ಒಂದೇ ತೊಂದರೆ, ಆ ಹೊತ್ತಿಗೆ ನಗು ಬರುವುದಿಲ್ಲ. ಅದಕ್ಕೆ ನಾಲ್ಕಾರು ವರ್ಷ ಬೇಕು. ತೊಂಬತ್ತರ ದಶಕದಲ್ಲಿ ತೂಬಗೆರೆ ಪಕ್ಕದ ನಮ್ಮ ಹಳ್ಳಿಯಿಂದ ಬೆಂಗಳೂರಿನ ಮಾರ್ಕೆಟ್ಟಿಗೆ ತರಕಾರಿ ಹೊಡೆಯುತ್ತಿದ್ದ ನನ್ನ ಪಿಕಪ್ಪಿನ ಸುದ್ದಿ ಇದು. ಈಗ ನಗು ಬರುತ್ತಿದೆ, ಅದಕ್ಕೇ ಹೇಳುತ್ತಿದ್ದೇನೆ.

ಪಾಲು

ಹನ್ನೆರಡು ವರ್ಷ ಸ್ಟೀರಿಂಗ್ ಹಿಡಿದರೂ ಮೈಮೇಲೆ ಒಂದು ಗೀರು ಬೀಳಿಸಿಕೊಂಡವನಲ್ಲ ನಾನು. ಅಂಥವನು ಮನೆಯ ಬಚ್ಚಲಲ್ಲಿ ಜಾರಿಬಿದ್ದು ಎಡಗೈ ಮುರಿದುಕೊಂಡೆ. ಕೇಳಿದವರಿಗೆಲ್ಲ "ಲಾರಿ ಅಡ್ಡ ಬಂತು" ಎಂದು ಹೇಳಿದೆ. ಡ್ರೈವರಿಗೂ ಒಂದು ಮಾನ ಅಂತ ಇರುತ್ತದೆ.

ಬಿದಿರು ದಬ್ಬೆ ಇಟ್ಟು ಕೈ ಕಟ್ಟಿದ ನಾಟಿ ವೈದ್ಯರು, "ತಿಂಗಳೊಪ್ಪತ್ತು ಅಲ್ಲಾಡಿಸಬೇಡ" ಅಂದರು. ಹುರುಳಿಕಾಯಿ ಕೀಳುವ ಕಾಲ ಬೇರೆ. ಬದಲಿಗೆ ಬಂದ ಡ್ರೈವರು ಗೇರು ಹಾಕಿದರೆ ಕಲ್ಲು ರುಬ್ಬಿದ ಸದ್ದು. ಮೂರನೇ ದಿನ ಅವನನ್ನು ಕಳಿಸಿ, ತಲೆ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕೂತೆ. ಹೆಂಡತಿ ಬಂದು ಎದುರಿಗೆ ನಿಂತಳು.

"ಕಾಲೆರಡೂ ನೆಟ್ಟಗವೆ ತಾನೆ?"

"ಅವೆ."

"ಬಲಗೈ?"

"ಅದೂ ಐತೆ."

"ಮತ್ತೇನು? ನಿಮ್ಮ ಎಡಗೈ ಬದ್ಲು ನಾನು ಬರ್ತೀನಿ. ದಿನಾ ಮುದ್ದೆ ತಿರುವೋ ಕೈಗೆ ಆ ಗೇರಿನ ಕೋಲೇನು ಮಹಾ?"

ಅಂಗಳದಲ್ಲಿ ಇದ್ದಲಿನಿಂದ ಗೇರಿನ ದಾರಿ ಬರೆದು ತೋರಿಸಿದೆ. ಒಂದು, ಎರಡು ಅವಳು ಕೂರುವ ಕಡೆಗೆ. ಮೂರು, ನಾಲ್ಕು ನಾನು ಕೂರುವ ಕಡೆಗೆ. ಲೋಡು ಎಳೆಯುವಾಗ ಒಂದು ಎರಡು ಬೇಕು, ಗಾಡಿ ಹದಕ್ಕೆ ಬಂದ ಮೇಲೆ ಮೂರು ನಾಲ್ಕು. ಅವಳು ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡಿದಳು.

"ಸರಿ ಹೋಯ್ತು. ಕಷ್ಟ ಪಟ್ಟು ಎಳೆಯೋವೆರಡು ನನ್ನ ಪಾಲು. ಸುಖವಾಗಿ ಓಡೋವೆರಡು ನಿಮ್ಮ ಪಾಲು. ಹಿಂದಕ್ಕೆ ಹೋಗೋದು ಎಲ್ಲೈತೆ?"

"ರಿವರ್ಸು? ಅದೂ ನಿನ್ನ ಕಡೇನೇ, ಮೂಲೇಲಿ."

"ನಂಗೊತ್ತಿತ್ತು. ಈ ಮನೇಲಿ ಏನು ಹಿಂದಕ್ಕೆ ಹೋದ್ರೂ ಅದು ನನ್ನಿಂದಲೇ ತಾನೆ!"

ಉಪ್ಪು

ನಾಲ್ಕೇ ದಿನದಲ್ಲಿ ಇಬ್ಬರ ಕೈಕಾಲೂ ಕೂಡಿ ಬಂದವು. ನಾನು ಕ್ಲಚ್ಚು ಒತ್ತಿದರೆ ಸಾಕು, ಇಂಜಿನ್ನಿನ ಸದ್ದು ಕೇಳಿಯೇ ಅವಳು ಗೇರು ಹಾಕುತ್ತಿದ್ದಳು. ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮದುವೆಯಾಗಿ ಹತ್ತು ವರ್ಷವಾಗಿತ್ತು. ನಾನು ಹೊರಡುವಾಗ ಅವಳಿಗೆ ನಿದ್ದೆ, ಬಂದು ಉಂಡ ಮೇಲೆ ನನಗೆ ನಿದ್ದೆ. ಅವಳಿಗೆ ಕಡಲೆಕಾಯಿ ಅಂದರೆ ಪ್ರಾಣ ಅನ್ನುವುದೂ, ರೈಲು ಕಂಡರೆ ಮಗುವಿನ ಹಾಗೆ ಡಬ್ಬಿ ಎಣಿಸುತ್ತಾಳೆ ಅನ್ನುವುದೂ ನನಗೆ ಗೊತ್ತಾದದ್ದು ಕೈ ಮುರಿದ ಮೇಲೆಯೇ. ಕೈ ಕೂಡಿತು, ದಬ್ಬೆ ಬಿಚ್ಚಿದರು. "ಇನ್ನೂ ಸ್ವಲ್ಪ ನೋವೈತೆ" ಅಂದೆ. ಎರಡು ವರ್ಷ ಹಾಗೇ ಅನ್ನುತ್ತಿದ್ದೆ. ಅವಳೂ ಒಂದು ದಿನವಾದರೂ ಕೈ ಹಿಡಿದು ನೋಡಲಿಲ್ಲ. ಮಧ್ಯೆ ಅವಳ ಆಸೆಗೆ ಅಂತ ನೀರಿಲ್ಲದ ಕೆರೆಯಂಗಳದಲ್ಲಿ ಸ್ಟೀರಿಂಗೂ ಕೊಟ್ಟಿದ್ದೆ, ನಾಲ್ಕು ಸುತ್ತು.

ಒಂದು ದಿನ ಮಾರ್ಕೆಟ್ಟಿನಲ್ಲಿ ಬುತ್ತಿ ಬಿಚ್ಚಿ ಉಣ್ಣುವಾಗ ಹಮಾಲರ ಮುಂದೆ, "ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿದೆ" ಅಂದುಬಿಟ್ಟೆ. ಅವಳು ಬುತ್ತಿ ಕಟ್ಟಿಟ್ಟಳು. ಯಲಹಂಕ ದಾಟಿ ರಸ್ತೆ ಖಾಲಿಯಾದ ಮೇಲೆ ಆ ಮಾತಿನ ಫಲ ಗೊತ್ತಾಯಿತು. ಗಾಡಿ ಎರಡನೇ ಗೇರಿನಲ್ಲಿ ಅರಚಿಕೊಳ್ಳುತ್ತಿದೆ, ನಾನು ಕ್ಲಚ್ಚು ಒತ್ತಿ ಒತ್ತಿ ಬಿಡುತ್ತಿದ್ದೇನೆ, ಅವಳು ಎರಡೂ ಕೈ ಮಡಿಲಲ್ಲಿಟ್ಟು ಕಿಟಕಿಯಾಚೆ ನೋಡುತ್ತಿದ್ದಾಳೆ. ನನ್ನ ಎಡಗೈಗೆ ನೋವು ಅಂತ ನಾನೇ ಹೇಳಿದ ಮೇಲೆ ನಾನು ಹಾಕಿಕೊಳ್ಳುವ ಹಾಗಿಲ್ಲ.

ಸೈಕಲ್ಲಿನವನೊಬ್ಬ ಪಕ್ಕಕ್ಕೆ ಬಂದು, "ಯಾಕಣ್ಣಾ, ಗಾಡಿ ಕೆಟ್ಟಿದ್ಯಾ?" ಅಂದ.

"ಗಾಡಿ ಚೆನ್ನಾಗೈತಪ್ಪಾ, ಡ್ರೈವರ್ ಬಾಯಿ ಕೆಟ್ಟೈತೆ" ಅಂದಳು ನನ್ನವಳು. ಸೈಕಲ್ಲಿನವನು ನಮ್ಮನ್ನು ದಾಟಿ ಮುಂದೆ ಹೋದ.

"ತಪ್ಪಾಯ್ತು ಕಣೇ" ಅಂದೆ. ಮೂರು ಬಿತ್ತು.

"ಉಪ್ಪು ಸರಿಯಾಗೇ ಇತ್ತು" ಅಂದೆ. ನಾಲ್ಕು ಬಿತ್ತು.

ಕ್ಲಚ್ಚಿಲ್ಲದ ಗಾಡಿ

ಹೊಸಕೋಟೆ ಕಡೆಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿಗೆ ನಾನು ತರಕಾರಿ ಹಾಕುತ್ತಿದ್ದೆ. ಅಲ್ಲಿ ಮೆಷಿನ್ ಕೂರಿಸಲು ಹೊರದೇಶದಿಂದ ಬಂದಿದ್ದ ಇಂಜಿನಿಯರುಗಳು ಒಂದು ಡೀಸೆಲ್ ಪಿಕಪ್ ತರಿಸಿಕೊಂಡಿದ್ದರು. ಅವರು ಹೊರಟು ಹೋದರು, ಗಾಡಿ ಉಳಿಯಿತು. ಮ್ಯಾನೇಜರು ನನ್ನನ್ನು ಕರೆದರು.

"ನಿಮ್ಮದು ಹಳೇದಾಯ್ತಲ್ರೀ, ಇದನ್ನ ತಗೊಳ್ಳಿ. ಆಟೋಮ್ಯಾಟಿಕ್ಕು. ಕ್ಲಚ್ಚಿಲ್ಲ, ಗೇರು ತಾನೇ ಬದ್ಲಾಗುತ್ತೆ. ಕೈ ನೋವು ಅಂತೀರಲ್ಲ, ನಿಮಗೇ ಮಾಡಿಸಿದ ಹಾಗಿದೆ. ಒಂದು ವಾರ ಓಡಿಸಿ ನೋಡಿ."

ಸುಳ್ಳು ಹೇಳಿದವನಿಗೆ ಬರುವ ಶಿಕ್ಷೆ ಹೀಗೇ ಇರುತ್ತದೆ. ಬೇಡ ಅನ್ನಲು ಬಾಯಿ ಬರಲಿಲ್ಲ, ನಿಜ ಹೇಳಬೇಕೆಂದರೆ ಆಸೆಯೂ ಆಯಿತು. ಮನೆಗೆ ತಂದೆ. ಅವಳು ಸುತ್ತ ಒಂದು ಸಲ ನಡೆದು ನೋಡಿ, "ನಿಮಗೆ ಒಳ್ಳೇದಾಯ್ತು" ಅಂದಳು. ಅಷ್ಟೇ.

ಮಾರನೆಯ ದಿನ ಬಲವಂತ ಮಾಡಿ ಕೂರಿಸಿಕೊಂಡೆ. ಊರು ಬಿಡುವ ಮೊದಲೇ, ಹದಿನಾಲ್ಕು ವರ್ಷದ ಅಭ್ಯಾಸ, ನನ್ನ ಎಡಗಾಲು ಕ್ಲಚ್ಚು ಅಂದುಕೊಂಡು ಬ್ರೇಕನ್ನು ಜೋರಾಗಿ ಒತ್ತಿತು. ಹಿಂದಿದ್ದ ಟೊಮೇಟೊ ಕ್ರೇಟುಗಳು ಕ್ಯಾಬಿನ್ನಿಗೆ ಬಂದು ಬಡಿದವು. ದಾರಿಯುದ್ದಕ್ಕೂ ಮೂರು ಸಲ ಹಾಗಾಯಿತು. ಆದರೆ ನನಗೆ ನೋವಾದದ್ದು ಅದರಿಂದಲ್ಲ. ಇಂಜಿನ್ನಿನ ಸದ್ದು ಏರಿದಾಗಲೆಲ್ಲ ಅವಳ ಬಲಗೈ ಮಡಿಲಿನಿಂದ ಮೇಲೇಳುತ್ತಿತ್ತು. ಅಷ್ಟರಲ್ಲಿ ಗೇರು ತಾನೇ ಬದಲಾಗುತ್ತಿತ್ತು. ಕೈ ಸುಮ್ಮನೆ ವಾಪಸ್ಸು ಹೋಗಿ ಕೂರುತ್ತಿತ್ತು. ಅದನ್ನು ನೋಡಲಾರದೆ ನಾನು ರಸ್ತೆ ನೋಡಿದೆ.

ಮಾರ್ಕೆಟ್ಟಿನಲ್ಲಿ ಇಳಿಸಿದ ಟೊಮೇಟೊ ನೋಡಿ ದಲ್ಲಾಳಿ ಕೇಳಿದ: "ಏನ್ ಗುರು, ಹಣ್ಣು ತರ್ತೀಯಾ ಅಂದ್ರೆ ಗೊಜ್ಜು ತಂದಿದ್ದೀಯಲ್ಲ?"

ಬರುವಾಗ ಅವಳು, "ನಾಳೆಯಿಂದ ನೀವೊಬ್ರೇ ಹೋಗಿ. ನನಗೇನು ಕೆಲಸ ಅಲ್ಲಿ?" ಅಂದಳು. ಆ ಮಾತಿಗೆ ನಗುವುದು ನನಗೆ ಇವತ್ತಿಗೂ ಆಗುವುದಿಲ್ಲ.

ತಳ್ರಪ್ಪಾ

ಮೂರನೇ ಬೆಳಗ್ಗೆ ಮನೆಗೆ ಕೂಗಳತೆಯ ತೋಟದಲ್ಲಿ ಹುರುಳಿಕಾಯಿ ಮೂಟೆ ತುಂಬಿಸಿದೆ. ಅವಳು ಮೂಟೆ ಹೊಲಿಯಲು ಬಂದವಳು ಬೇಲಿ ಹತ್ತಿರ ನಿಂತಿದ್ದಳು. ಕೀ ತಿರುಗಿಸಿದೆ. ಬ್ಯಾಟರಿ ಸತ್ತಿತ್ತು.

ನಮ್ಮ ಕಡೆ ಇದಕ್ಕೆಲ್ಲ ಯಾರೂ ಗಾಬರಿಯಾಗುವುದಿಲ್ಲ. ಗಾಡಿ ಅಂದ ಮೇಲೆ ತಳ್ಳಬೇಕು, ಉರುಳುವಾಗ ಕ್ಲಚ್ಚು ಬಿಡಬೇಕು, ಸ್ಟಾರ್ಟ್ ಆಗಬೇಕು. "ತಳ್ರಪ್ಪಾ!" ಎಂದು ಕೂಗಿದರೆ ಉಣ್ಣುತ್ತಿದ್ದವರೂ ಎದ್ದು ಬರುತ್ತಾರೆ. ಹತ್ತು ಜನ ಬಂದರು, ತಳ್ಳಿದರು. ಗಾಡಿ ಉರುಳಿತು. ನನ್ನ ಎಡಗಾಲು ಕ್ಲಚ್ಚು ಹುಡುಕಿತು. ಇದ್ದರೆ ತಾನೆ!

"ಇನ್ನೂ ಜೋರಾಗಿ!" ಅಂದೆ. ತೋಟ ಮುಗಿಯಿತು, ಬಂಡಿ ದಾರಿ ಮುಗಿಯಿತು, ಟಾರು ರಸ್ತೆ ಬಂತು. ಈ ಜಾತಿಯ ಗಾಡಿ ತಳ್ಳಿದರೆ ಸ್ಟಾರ್ಟೇ ಆಗುವುದಿಲ್ಲ ಎಂದು ಹೇಳಲು ಮ್ಯಾನೇಜರು ಮರೆತಿದ್ದರು. ಊರಿನ ಯಜಮಾನರೊಬ್ಬರು ಬೆವರು ಒರೆಸಿಕೊಂಡು ಅಂದರು:

"ನಿಜ ಕಣಪ್ಪಾ, ಆಟೋಮ್ಯಾಟಿಕ್ಕೇ. ಅದರ ಪಾಡಿಗೆ ಅದು ಕೂತೈತೆ, ನಾವು ಹೊತ್ಕೊಂಡು ಬಂದೀವಿ."

ಮಾರ್ಕೆಟ್ಟಿನ ಹೊತ್ತು ಮೀರುತ್ತಿತ್ತು. ಹೆಂಡತಿಗಾಗಿ ಹುಡುಕಿದರೆ ಬೇಲಿ ಹತ್ತಿರ ಯಾರೂ ಇಲ್ಲ. ಅಷ್ಟರಲ್ಲಿ ಊರ ಕಡೆಯಿಂದ ನನಗೆ ಚೆನ್ನಾಗಿ ಗೊತ್ತಿದ್ದ ಸದ್ದು ಕೇಳಿತು. ನನ್ನ ಹಳೇ ಪಿಕಪ್ಪು! ಮೊದಲನೇ ಗೇರಿನಲ್ಲಿ ಗುರುಗುಟ್ಟುತ್ತ ಬರುತ್ತಿದೆ, ಸ್ಟೀರಿಂಗಿನ ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ನನ್ನ ಹೆಂಡತಿ. ತಳ್ಳಿದ ಹತ್ತು ಜನವೂ ದಾರಿ ಬಿಟ್ಟು ನಿಂತರು.

ಅವರೇ ಮೂಟೆಗಳನ್ನು ಈ ಗಾಡಿಗೆ ಹಾಕಿದರು. ನಾನು ಡ್ರೈವರ್ ಬಾಗಿಲ ಹತ್ತಿರ ಹೋದೆ. ಅವಳು ಇಳಿಯಲಿಲ್ಲ.

"ಆ ಕಡೆಯಿಂದ ಹತ್ತಿ. ಕೂಡು ರಸ್ತೆವರೆಗೂ ನಾನೇ."

ರಸ್ತೆಯ ಮೇಲೆ ಅವಳು ಓಡಿಸುವಾಗ ಎಡಗಡೆ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಅಲ್ಲಿಂದ ರಸ್ತೆ ಬೇರೆ ಥರ ಕಾಣುತ್ತದೆ. ಎರಡನೇ ಗೇರೂ ಅವಳೇ ಹಾಕಿದಳು. ಗಾಡಿ ಅರಚತೊಡಗಿತು. ಅವಳು ಕ್ಲಚ್ಚು ಒತ್ತಿ ನನ್ನ ಕಡೆ ನೋಡಿದಳು.

"ಮೂರು ನಿಮ್ಮ ಪಾಲು. ಹಾಕಿ."

ನನಗೂ ಕೊಂಚ ಚೇಷ್ಟೆ ಬಂತು. ಎರಡೂ ಕೈ ಮಡಿಲಲ್ಲಿಟ್ಟು ಕಿಟಕಿಯಾಚೆ ನೋಡುತ್ತ, "ಹೇಳದೆ ಕೇಳದೆ ಗಾಡಿ ತಗೊಂಡು ಬಂದಿದ್ದೀಯ. ಮೊದ್ಲು ತಪ್ಪಾಯ್ತು ಅನ್ನು" ಅಂದೆ.

"ನಂಗೇನು? ಬೆಂಗಳೂರು ಬರೋವರ್ಗೂ ಎರಡ್ರಲ್ಲೇ ಹೊಡೀತೀನಿ" ಎಂದು ಕ್ಲಚ್ಚು ಬಿಟ್ಟಳು.

ಗಾಡಿ ಅರಚಿತು. ನಾನು ತಡೆದುಕೊಂಡೆ. ಗಾಡಿ ಇನ್ನೂ ಅರಚಿತು. ನನ್ನ ಗಾಡಿ ಅಲ್ಲವೇ, ಕರುಳು ಕೇಳಲಿಲ್ಲ.

"ತಪ್ಪಾಯ್ತು ಕಣೇ. ಆ ಗಾಡೀನ ಇವತ್ತೇ ವಾಪಸ್ ಕೊಟ್ಬಿಡ್ತೀನಿ" ಎಂದು, ಕೋಲಿನ ಪಕ್ಕದಲ್ಲೇ ಬಲಗೈ ಇದ್ದರೂ, ಡ್ರೈವರಿನ ಹಳೇ ಅಭ್ಯಾಸಕ್ಕೆ, ನೋವೈತೆ ಅಂತ ಎರಡು ವರ್ಷದಿಂದ ಹೇಳುತ್ತಿದ್ದ ಎಡಗೈಯನ್ನೇ ಮರೆತು ಚಾಚಿದೆ. ಅವಳು ಕ್ಲಚ್ಚು ಒತ್ತಿದಳು, ಮೂರು ಬೆಣ್ಣೆಯ ಹಾಗೆ ಬಿತ್ತು.

ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಕೈ ನೋವು ವಾಸಿಯಾಯ್ತಾ?"

"ಇಲ್ಲ ಇಲ್ಲ," ಅಂದೆ ಗಾಬರಿಯಿಂದ, "ನಾಳೆ ಹೊತ್ತಿಗೆ ಮತ್ತೆ ಬರುತ್ತೆ."