ನಲವತ್ತು ಹೆಜ್ಜೆ ಮುಂದಿನ ಬಸ್ಸು

ಚನ್ನವೀರಪ್ಪ ಮಾಡಿದ ತಪ್ಪು ಒಂದೇ ಒಂದು. ಸಿಟಿ ಬಸ್ಸಿನ ಆಫೀಸಿನಿಂದ ಬಂದ ಕಾಗದವನ್ನು ಗಂಗಾಧರಯ್ಯ ಮೇಷ್ಟ್ರಿಗೆ ತೋರಿಸಿದ್ದು.

ಆ ಕಾಗದವೇನು ಸುಮ್ಮನೆ ಬಂದದ್ದಲ್ಲ. ಅದಕ್ಕಾಗಿ ಅವನು ಆರು ಅರ್ಜಿ ಬರೆದಿದ್ದ. ಕಾಮಾಕ್ಷಿಪಾಳ್ಯದ ಹೊಂಗೆ ಮರದ ಕೆಳಗೆ ಸ್ಟಾಪಿನ ಬೋರ್ಡಿತ್ತು, ಜನರಿದ್ದರು. ಬಸ್ಸು ಮಾತ್ರ ನಲವತ್ತು ಹೆಜ್ಜೆ ಮುಂದೆ, ಕಲ್ಯಾಣಮ್ಮನ ಸೌದೆ ಡಿಪೋ ಎದುರು ಹೋಗಿ ನಿಲ್ಲುತ್ತಿತ್ತು. ಎಮರ್ಜೆನ್ಸಿ ಕಾಲದಲ್ಲಿ ಬೋರ್ಡಿನ ಹತ್ತಿರವೇ ನಿಲ್ಲುತ್ತಿತ್ತು ಎನ್ನುವವರಿದ್ದರು. ಅದು ಮುಗಿದ ಮೇಲೆ ಬಸ್ಸಿಗೂ ಸ್ವಾತಂತ್ರ್ಯ ಬಂದಿರಬೇಕು. ಎರಡು ಕಾಲಿದ್ದವರು ಎದ್ದುಬಿದ್ದು ಓಡಿ ಹತ್ತುತ್ತಿದ್ದರು. ಮೂರನೇ ವರ್ಷದಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿದ್ದ ಚನ್ನವೀರಪ್ಪ ಕಂಕುಳಿಗೆ ಊರುಗೋಲು ಕೊಟ್ಟು ಹೊರಡುವಷ್ಟರಲ್ಲಿ ಕಂಡಕ್ಟರು “ರೈಟ್” ಅಂದಿರುತ್ತಿದ್ದ. ಜಾಣತನ ಮಾಡಿ ಒಂದು ದಿನ ಎಲ್ಲರನ್ನೂ ಕರೆದುಕೊಂಡು ಹೋಗಿ ಡಿಪೋ ಎದುರೇ ನಿಂತ. ಅವತ್ತು ಬಸ್ಸು ಹೊಂಗೆ ಮರಕ್ಕಿಂತ ಹಿಂದೆಯೇ ನಿಂತು, ಆಮೇಲೆ ಅವರ ಮುಂದೆಯೇ ಭರ್ರನೆ ಹೋಯಿತು. ಹಣೆಬರಹ ಎಂದುಕೊಂಡ.

ಬಸ್ಸು ಹತ್ತುವುದರಲ್ಲಿ ಅವನದು ಪಳಗಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಬಾಗಿಲು ಸಿಕ್ಕರೆ ಸಾಕು, ಊರುಗೋಲನ್ನು ಒಳಗೆಸೆದು, ಕಂಬಿ ಹಿಡಿದು, ಒಂದೇ ನೆಗೆತಕ್ಕೆ ಒಳಗಿರುತ್ತಿದ್ದ. ನೆರವಿಗೆ ಬಂದವರಿಗೆ, “ನನ್ನ ಹಿಡ್ಕೋಬೇಡಿ ಸ್ವಾಮಿ, ಸಾಧ್ಯವಾದ್ರೆ ಬಸ್ಸನ್ನ ಹಿಡ್ಕೊಳ್ಳಿ” ಎನ್ನುತ್ತಿದ್ದ. ಆದರೆ ವಾರದಲ್ಲಿ ನಾಲ್ಕು ದಿನ ಬಾಗಿಲೇ ಸಿಗುತ್ತಿರಲಿಲ್ಲವಲ್ಲ! ಚಿಕ್ಕಪೇಟೆಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ ಅವನದು. ಮಾಲೀಕರು ಖಡಾಖಂಡಿತವಾಗಿ ಹೇಳಿದ್ದರು: “ಮಂಗಳವಾರ ನಿಮ್ಮ ಬಸ್ಸಿನ ವಿಚಾರಣೆ ಮುಗಿಸ್ಕೊಂಡು ಬನ್ನಿ, ಪರವಾಗಿಲ್ಲ. ಬುಧವಾರದಿಂದ ಒಂಬತ್ತೂವರೆ ದಾಟಿದ್ರೆ ಮನೇಲೇ ಇದ್ದುಬಿಡಿ.”

ಬಂದ ಕಾಗದದಲ್ಲಿದ್ದದ್ದು ಇಷ್ಟೇ: ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಇನ್‌ಸ್ಪೆಕ್ಟರ್ ವೆಂಕಟಗಿರಿಯವರು ಖುದ್ದು ಬಂದು ಪರಿಶೀಲಿಸುತ್ತಾರೆ.

“ಇನ್‌ಸ್ಪೆಕ್ಷನ್ನಾ!” ಗಂಗಾಧರಯ್ಯ ಮೇಷ್ಟ್ರ ಕಣ್ಣು ಅರಳಿತು. ನಿವೃತ್ತಿಯಾಗಿ ಎರಡು ವರ್ಷದಿಂದ ಅವರು ಆ ಪದ ಕೇಳಿರಲಿಲ್ಲ. “ನೀನು ಚಿಂತೆ ಬಿಡು ಚನ್ನವೀರಪ್ಪ. ಮೂವತ್ತು ವರ್ಷದಲ್ಲಿ ಎಂತೆಂಥ ಇನ್‌ಸ್ಪೆಕ್ಷನ್ ಮುಗಿಸಿದೀನಿ ಗೊತ್ತಾ? ಒಬ್ಬ ಸಾಹೇಬ್ರೂ ಒಂದು ತಪ್ಪು ಹಿಡಿದಿಲ್ಲ ಕಣಯ್ಯಾ!”

ಇವನಿಗೆ ಬೇಕಾದದ್ದು ಸಾಹೇಬರು ತಪ್ಪು ಹಿಡಿಯುವುದು. ಅದನ್ನು ಬಿಡಿಸಿ ಹೇಳುವ ಮೊದಲೇ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಹೊರಟುಹೋಗಿದ್ದರು.

ಮಂಗಳವಾರ ಚನ್ನವೀರಪ್ಪ ಬಂದು ನೋಡುತ್ತಾನೆ, ಅದು ತನ್ನ ಸ್ಟಾಪು ಹೌದೋ ಅಲ್ಲವೋ ಎಂದು ಅನುಮಾನ ಬಂತು. ಮರದ ಬುಡ ಗುಡಿಸಿ ನೀರು ಚಿಮುಕಿಸಲಾಗಿತ್ತು. ರಸ್ತೆಯ ಅಂಚಿಗೆ ರಂಗೋಲಿ. ದಿನಾ ಮೊಣಕೈಯಲ್ಲಿ ತಿವಿದಾಡುತ್ತಿದ್ದ ಜನ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿದ್ದರು.

“ಮೇಷ್ಟ್ರೇ, ಏನಿದು? ದಿನಾ ಹೆಂಗಿರುತ್ತೋ ಹಂಗೇ ಇರ್ಲಿ ಅಂತ ತಾನೇ ನಾನು...”

“ಶ್! ಸಾಹೇಬ್ರು ಬಂದ್ರು. ನೆಟ್ಟಗೆ ನಿಂತ್ಕೋ.”

ಜೀಪಿನಿಂದ ವೆಂಕಟಗಿರಿ ಇಳಿದರು. ದುಂಡನೆಯ ಮೈ, ಕಂಕುಳಲ್ಲಿ ಫೈಲು. ಕಲ್ಯಾಣಮ್ಮ ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟಳು. ಸಾಹೇಬರು ಮೀಸೆ ಒರೆಸಿಕೊಳ್ಳುತ್ತಿರುವಾಗಲೇ ದೂರದಲ್ಲಿ ಬಸ್ಸು ಕಾಣಿಸಿತು. ಈಗ ನೋಡಲಿ ಚಂದ ಎಂದು ಚನ್ನವೀರಪ್ಪ ಮನಸ್ಸಿನಲ್ಲೇ ಬೀಗಿದ.

ಆದರೆ ಮೇಷ್ಟ್ರು ನಡುರಸ್ತೆಗೆ ಇಳಿದಾಗಿತ್ತು. ಕೈಯಲ್ಲೊಂದು ಕೋಲು, ಕೋಲಿನ ತುದಿಗೆ ಕೆಂಪು ಬಟ್ಟೆ. ಉದ್ದನೆಯ ಮರದ ದಿಮ್ಮಿ ಸಾಗಿಸುವಾಗ ಲಾರಿಯ ಹಿಂದೆ ಕಟ್ಟಲು ಕಲ್ಯಾಣಮ್ಮ ಇಟ್ಟುಕೊಂಡಿದ್ದ ಬಟ್ಟೆ ಅದು. ರಸ್ತೆಯಲ್ಲಿ ಏನು ಅನಾಹುತವಾಗಿದೆಯೋ ಎಂದು ಡ್ರೈವರು ಬ್ರೇಕು ಒತ್ತಿದ. ಬಸ್ಸು ರಂಗೋಲಿಯ ಮೇಲೇ ಬಂದು ನಿಂತಿತು.

“ಮೊದಲು ಚನ್ನವೀರಪ್ಪ!” ಎಂದು ಸಾಲು ಒಕ್ಕೊರಲಿನಿಂದ ಕೂಗಿತು. ಒಳಗೆ ಯಾರೋ ಎದ್ದು, “ಬನ್ನಿ ಅಣ್ಣ, ಕೂತ್ಕೊಳ್ಳಿ” ಎಂದು ಸೀಟು ಒರೆಸಿಕೊಟ್ಟರು.

“ಭೇಷ್!” ಎಂದು ವೆಂಕಟಗಿರಿ ಬರೆದುಕೊಂಡರು. “ಇನ್ನೇನ್ರೀ ತೊಂದ್ರೆ?”

“ನಾ ಹತ್ತಲ್ಲ ಸಾರ್! ಇದು ದಿನಾ ನಡೆಯೋದಲ್ಲ, ನಾಟಕ!” ಎಂದ ಚನ್ನವೀರಪ್ಪ.

ತಮಾಷೆ ಬಿಟ್ಟು ಹೋಗಲು ಸಾಲಿನಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಬಸ್ಸು ಹೊರಟುಹೋಯಿತು. ಎರಡನೆಯದು ಬಂತು. ಅದರ ಡ್ರೈವರು ದೂರದಿಂದಲೇ ಇಲಾಖೆಯ ಜೀಪು ನೋಡಿ, ಹಸುವಿನ ಹಾಗೆ ಮೆಲ್ಲಗೆ ಬಂದು ಮರದ ಕೆಳಗೇ ನಿಲ್ಲಿಸಿ, ಸಲಾಮು ಬೇರೆ ಹೊಡೆದ. ಚನ್ನವೀರಪ್ಪ ಅದನ್ನೂ ಹತ್ತಲಿಲ್ಲ.

“ನೋಡ್ರೀ, ಬಸ್ಸು ನಿಲ್ತಾ ಇದೆ. ನೀವೇ ಹತ್ತುತಾ ಇಲ್ಲ. ಹಿಂಗೇ ಬರ್ಕೋತೀನಿ” ಎಂದು ವೆಂಕಟಗಿರಿ ಪೆನ್ನು ತೆಗೆದರು.

ಚನ್ನವೀರಪ್ಪನಿಗೆ ರೇಗಿಹೋಯಿತು. “ಸಾರ್, ಜೀಪು ಕಂಡ್ರೆ ಯಾರು ನಿಲ್ಸಲ್ಲ? ಅದನ್ನ ಕಳಿಸಿಬಿಡಿ. ಕುರ್ಚಿ ಬಿಟ್ಟು ನಮ್ಮ ಜತೆ ನಿಂತ್ಕೊಳ್ಳಿ. ಮುಂದಿನ ಬಸ್ಸಲ್ಲಿ ನಿಮ್ಮ ಆಫೀಸಿಗೆ ಒಟ್ಟಿಗೇ ಹೋಗೋಣ. ಆಗುತ್ತಾ?”

ವೆಂಕಟಗಿರಿಯವರ ಮುಖ ಕೆಂಪಾಯಿತು.

“ನಮ್ಮ ಇಲಾಖೆ ಬಸ್ಸು ಹತ್ತೋಕೆ ನನಗೇನ್ರೀ ಭಯ? ಏಯ್, ಜೀಪು ತಗೊಂಡು ಹೋಗಯ್ಯಾ!”

ಕಲ್ಯಾಣಮ್ಮ ಮೇಷ್ಟ್ರನ್ನು, “ಬನ್ನಿ ಮೇಷ್ಟ್ರೇ, ಕಾಫಿ ಆರ್ತದೆ” ಎಂದು ಕೆಂಪು ಬಟ್ಟೆಯ ಸಮೇತ ಡಿಪೋದೊಳಕ್ಕೆ ಎಳೆದುಕೊಂಡು ಹೋದಳು. ಆ ಹೆಂಗಸಿಗೆ ಬುದ್ಧಿಯಿತ್ತು.

ಮೂರನೇ ಬಸ್ಸು ಬಂತು. ಒಂದು ಕಡೆಗೆ ವಾಲಿಕೊಂಡು, ಬಾಗಿಲಲ್ಲಿ ಜನ ಜೋತುಬಿದ್ದು, ಧೂಳೆಬ್ಬಿಸುತ್ತ ರಂಗೋಲಿ ದಾಟಿ, ಮರ ದಾಟಿ, ಸಾಹೇಬರನ್ನೂ ದಾಟಿ ಡಿಪೋ ಎದುರು ನಿಂತಿತು. ಸರಿಯಾಗಿ ನಲವತ್ತು ಹೆಜ್ಜೆ.

“ನೋಡಿದ್ರಾ ಸಾರ್!” ಚನ್ನವೀರಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಾಲು ಚೆದುರಿತು, ಎಲ್ಲರೂ ಓಡಿದರು. ಅವನೂ ಓಡಿದ. ಆರು ಅರ್ಜಿಗಳ ಸಿಟ್ಟೂ ಗೆದ್ದ ಹುಮ್ಮಸ್ಸೂ ಸೇರಿ, ಊರುಗೋಲು ನೆಲಕ್ಕೆ ತಾಗಿತೋ ಇಲ್ಲವೋ. ಟಕ್, ಟಕ್, ಟಕ್! ಕೋಲು ಒಳಗೆ ಹಾರಿತು, ಕೈ ಕಂಬಿಗೆ ಬಿತ್ತು, ಒಂದೇ ನೆಗೆತ. ಜನ್ಮದಲ್ಲೇ ಅಷ್ಟು ಚೆನ್ನಾಗಿ ಅವನು ಬಸ್ಸು ಹತ್ತಿರಲಿಲ್ಲ. ಒಳಗಿದ್ದವರು, “ಆಹಾ!” ಎಂದರು.

ತಿರುಗಿ ನೋಡಿದರೆ ವೆಂಕಟಗಿರಿ ಇನ್ನೂ ಇಪ್ಪತ್ತನೇ ಹೆಜ್ಜೆಯಲ್ಲಿದ್ದರು. ಒಂದು ಚಪ್ಪಲಿ ರಂಗೋಲಿಯಲ್ಲಿ, ಫೈಲಿನ ಹಾಳೆಗಳು ಗಾಳಿಯಲ್ಲಿ. “ಹೋಲ್ಡಾನ್! ಹೋಲ್ಡಾನ್!” ಎನ್ನುತ್ತ ಬಂದವರು ಕಾಲು ಉಳುಕಿ ಸೌದೆ ರಾಶಿಯ ಪಕ್ಕ ಕುಳಿತುಬಿಟ್ಟರು. “ರೈಟ್” ಎಂದ ಕಂಡಕ್ಟರು. ಚನ್ನವೀರಪ್ಪನಿಗೆ ಪಾಪ ಅನ್ನಿಸಿದ್ದು ನಿಜ. ಆದರೂ ಸಾಹೇಬರು ಕಣ್ಣಾರೆ ಕಂಡರಲ್ಲ ಎಂದು ದಾರಿಯುದ್ದಕ್ಕೂ ಅವನ ಎದೆ ಉಬ್ಬಿಯೇ ಇತ್ತು.

ಸಂಜೆ ಬಂದಾಗ ಸಾಹೇಬರ ವರದಿಯ ನಕಲನ್ನು ಮೇಷ್ಟ್ರೇ ಓದಿ ಹೇಳಿದರು. ಡಿಪೋದಲ್ಲಿ ಕಾಲು ಚಾಚಿ ಕುಳಿತು ಅಲ್ಲೇ ಬರೆದದ್ದಂತೆ.

“‘ಅರ್ಜಿದಾರರು ಬಸ್ಸು ಹತ್ತುವುದನ್ನು ಖುದ್ದು ನೋಡಿದ್ದೇನೆ. ಅವರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಅರ್ಜಿ ವಜಾ ಮಾಡಿದೆ. ಆದರೆ ಎರಡೂ ಕಾಲು ನೆಟ್ಟಗಿರುವ ಸಾರ್ವಜನಿಕರ ಕಷ್ಟ ನೋಡಲಾಗದು. ಅವರ ಹಿತಕ್ಕಾಗಿ ಸ್ಟಾಪಿನ ಬೋರ್ಡನ್ನು ಬಸ್ಸು ನಿಲ್ಲುವ ಜಾಗಕ್ಕೇ ವರ್ಗಾಯಿಸಲು ಆದೇಶಿಸಿದೆ.’”

ಚನ್ನವೀರಪ್ಪ ಮೊದಲು ಉರಿದುಬಿದ್ದ, ಆಮೇಲೆ ನಕ್ಕ. ಯಾರ ಹಿತಕ್ಕಾದರೇನು, ಬೋರ್ಡು ಆಗಲೇ ಡಿಪೋ ಎದುರು ನೆಟ್ಟಾಗಿತ್ತು. ತಾನೂ ಅಲ್ಲೇ ನಿಂತರಾಯಿತು. ಅವತ್ತು ರಾತ್ರಿ ಸುಖವಾಗಿ ನಿದ್ದೆ ಮಾಡಿದ.

ಬುಧವಾರ ಬೆಳಿಗ್ಗೆ ಹೊಸ ಬೋರ್ಡಿನ ಕೆಳಗೆ ಇಡೀ ಬಡಾವಣೆ ನೆರೆದಿತ್ತು. ಎಲ್ಲರಿಗಿಂತ ಮುಂದೆ, ಊರುಗೋಲು ಸಜ್ಜು ಮಾಡಿಕೊಂಡು ಚನ್ನವೀರಪ್ಪ. ಬಸ್ಸು ಬಂತು. ಬಂದದ್ದೇ, ಬರಿದಾಗಿದ್ದ ಹೊಂಗೆ ಮರದ ಕೆಳಗೆ ನಿಂತು ಇಬ್ಬರನ್ನು ಇಳಿಸಿತು.

ಜನ ಹಿಂದಕ್ಕೆ ಓಡಿದರು. ಅವರು ಮರ ಮುಟ್ಟುವಷ್ಟರಲ್ಲಿ ಬಸ್ಸು ಹೊರಟು, ಚನ್ನವೀರಪ್ಪನ ಮೂಗಿನ ಮುಂದೆಯೇ ಹಾದುಹೋಯಿತು.

“ಬೋರ್ಡು ಇಲ್ಲಿದೆಯಲ್ಲಯ್ಯಾ, ನಿಲ್ಸು!” ಎಂದು ಅವನು ಕೂಗಿದ.

ಕಂಡಕ್ಟರು ತಲೆ ಹೊರಹಾಕಿದ. “ಬಸ್ಸು ಫುಲ್ಲಾಗಿದೆ ಸಾರ್! ಜನ ಇರೋ ಕಡೆ ನಿಲ್ಸಿದ್ರೆ ಎಲ್ರೂ ಹತ್ತಿಬಿಡ್ತಾರಲ್ಲಾ!”

ಗಡಿಯಾರದಲ್ಲಿ ಒಂಬತ್ತಾಗಿತ್ತು. ದೂರದಲ್ಲಿ ಇನ್ನೊಂದು ಬಸ್ಸು ವಾಲಾಡುತ್ತ ಬರುತ್ತಿತ್ತು. ಇದೂ ತಪ್ಪಿದರೆ ಅಚ್ಚುಕೂಟದ ಬಾಗಿಲು ಅವನ ಪಾಲಿಗೆ ಮುಚ್ಚಿದಂತೆಯೇ. ಚನ್ನವೀರಪ್ಪ ಮಾನ ಬದಿಗಿಟ್ಟು ತಿರುಗಿದ.

“ಮೇಷ್ಟ್ರೇ, ಮೇಷ್ಟ್ರೇ! ನಿಮ್ಮ ಕೆಂಪು ಬಟ್ಟೆ ಎಲ್ಲಿ? ಬೇಗ ತನ್ನಿ!”

ಗಂಗಾಧರಯ್ಯ ಕೈ ಹಿಸುಕಿಕೊಂಡರು.

“ಅದನ್ನ ನಿನ್ನೆ ಸಾಹೇಬ್ರ ಕಾಲಿಗೆ ಕಟ್ಟಿ ಕಳಿಸಿಬಿಟ್ವಲ್ಲಪ್ಪಾ!”