ಗುಲಾಬಿಯೋ, ನೇರಳೆಯೋ

ದಾರಿ ಹೇಳುವ ಜನರೆಲ್ಲ ಬಣ್ಣದ ಮೇಲೆ ಭಾರಿ ನಂಬಿಕೆ ಇಟ್ಟುಕೊಂಡವರು. "ನೇರ ಹೋಗಿ, ಹಸಿರು ಗೇಟಿನ ಮನೆ ಸಿಗುತ್ತೆ, ಅದರ ಪಕ್ಕದ್ದೇ" ಎಂದು ಹೇಳಿ ತಮ್ಮ ಪಾಡಿಗೆ ಹೊರಟುಬಿಡುತ್ತಾರೆ. ಹಾಗೆ ಹುಡುಕಿಕೊಂಡು ಹೋಗಿ ನಾನು ಎಷ್ಟೋ ಅಪರಿಚಿತರ ಮನೆಯಲ್ಲಿ ನೀರು ಕುಡಿದು ಬಂದಿದ್ದೇನೆ. ಒಂದು ಕಡೆಯಂತೂ ನಾಮಕರಣದ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಳ್ಳುವಾಗ ಇದು ಬೇರೆ ಮಗು ಎಂದು ತಿಳಿಯಿತು. ಕೆಂಪು, ಹಸಿರು, ಕಂದು ಈ ಮೂರೂ ನನ್ನ ಕಣ್ಣಿಗೆ ಒಂದೇ ತಾಯಿಯ ಮಕ್ಕಳು. ಗುಲಾಬಿ ಎನ್ನುವುದು ನಾನು ಜನರ ಬಾಯಲ್ಲಿ ಮಾತ್ರ ಕೇಳಿದ ಬಣ್ಣ. ಇಂಥ ಕಣ್ಣುಗಳನ್ನು ಇಟ್ಟುಕೊಂಡು ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಮರದ ಬೊಂಬೆ ಮಾಡುವವರ ಮನೆಯಲ್ಲಿ. ಅಷ್ಟು ಸಾಲದೆಂಬಂತೆ ಓದಿದ್ದು ಬಯೋಮೆಡಿಕಲ್ ಸೈನ್ಸ್.

ಅಪ್ಪ ಮಶೀನಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬೊಂಬೆಯ ಮೈಮೇಲೆ ಹೊಳಪು ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ಆ ಕಡ್ಡಿಗಳನ್ನು ಎತ್ತಿಕೊಡುವುದು ನನ್ನ ಕೆಲಸ. ಅವರು ಹಸಿರು ಕೇಳಿದರೆ ನಾನು ಕೆಂಪು ಕೊಡುತ್ತಿದ್ದೆ, ಕೆಂಪು ಕೇಳಿದರೆ ಕಂದು. "ನಿನ್ ಗ್ಯಾನ ಎಲ್ಲೈತ್ಲಾ?" ಎಂದು ಅವರು ರೇಗುತ್ತಿದ್ದರು. ನನ್ನ ಗ್ಯಾನ ಪೂರ್ತಿಯಾಗಿ ಅಲ್ಲೇ ಇರುತ್ತಿತ್ತು, ಅದೇ ದುಃಖ. ಒಂದು ದಿನ ಅವರು ಸಂತೆಗೆ ಹೋದಾಗ, ಖುಷಿಪಡಿಸೋಣವೆಂದು ನಾನೇ ಗಿಳಿಗಳಿಗೆ ಬಣ್ಣ ಹಾಕಿಟ್ಟೆ. ಅಪ್ಪ ಬಂದು, ಸಾಲಾಗಿ ಕೂತ ಕೆಂಪು ಗಿಳಿಗಳನ್ನೂ ಅವುಗಳ ಹಸಿರು ಕೊಕ್ಕುಗಳನ್ನೂ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಮಾರನೆಯ ದಿನದಿಂದ ಕಡ್ಡಿ ಕೇಳುವುದನ್ನು ಬಿಟ್ಟುಬಿಟ್ಟರು.

ನಾನು ಪಿಯುಸಿ ಮುಗಿಸಿದಾಗ ರಾಮನಗರ ಇನ್ನೂ ಜಿಲ್ಲೆ ಆಗಿರಲಿಲ್ಲ. ಬಿಡದಿ, ಹಾರೋಹಳ್ಳಿ ಕಡೆ ರಾಗಿ ಹೊಲಗಳ ಮಧ್ಯೆ ಕಾರ್ಖಾನೆಗಳ ಗೋಡೆಗಳು ಏಳುತ್ತಿದ್ದವು. ಪ್ಲಾಸ್ಟಿಕ್ ಬೊಂಬೆಗಳು ಬಂದು ನಮ್ಮ ಗಿಳಿಗಳನ್ನು ಮೂಲೆಗೆ ಸರಿಸಿದ್ದವು. ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದ ಅಪ್ಪ, "ಲ್ಯಾಬಲ್ಲಿ ಬಿಳೀ ಕೋಟ್ ಹಾಕ್ಕಂಡು ಮಾಡೋ ಕೆಲ್ಸ ಐತಂತೆ ಮಗ. ಅದುನ್ನ ಓದ್ಕ. ಅಲ್ಲಿ ಈ ಬಣ್ಣ ಗಿಣ್ಣದ ತಾಪತ್ರಯ ಇರಕಿಲ್ಲ" ಎಂದರು. ನನಗೂ ಸರಿಯೆನಿಸಿತು. ಬೆಳಗಿನ ರೈಲು ಹತ್ತಿ ರಾಮನಗರದ ಕಾಲೇಜಿಗೆ ಹೋಗಿ ಸೇರಿಕೊಂಡೆ.

ಮೈಕ್ರೋಬಯಾಲಜಿಯ ಮೊದಲ ಪ್ರಾಕ್ಟಿಕಲ್ ದಿನವೇ ಮೇಡಂ, "ಬ್ಯಾಕ್ಟೀರಿಯಾಗಳನ್ನು ಗುರುತಿಸುವುದು ಬಣ್ಣದಿಂದ. ಬಣ್ಣ ಹಾಕಿ ತೊಳೆದ ಮೇಲೆ ಕೆಲವು ನೇರಳೆಯಾಗಿ ಉಳಿಯುತ್ತವೆ, ಕೆಲವು ಗುಲಾಬಿಯಾಗುತ್ತವೆ. ಯಾವ ಔಷಧಿ ಕೊಡಬೇಕು ಅನ್ನೋದಕ್ಕೆ ಇದೇ ಬುನಾದಿ" ಎಂದರು. ನನ್ನ ಬುನಾದಿ ಅಲ್ಲೇ ಅಲುಗಾಡಿತು. ಎಲ್ಲರೂ ಮೈಕ್ರೋಸ್ಕೋಪಿನಲ್ಲಿ ಇಣುಕಿ "ಎಷ್ಟು ಚೆನ್ನಾಗಿದೆ" ಎನ್ನುತ್ತಿದ್ದರು. ನನಗೆ ಕಂಡದ್ದು ಪಾತ್ರೆ ತೊಳೆದ ನೀರಿನಂಥದ್ದೇನೋ. ನಾನೂ "ಚೆನ್ನಾಗಿದೆ" ಎಂದೆ.

ನನ್ನ ಕಣ್ಣಿನ ದೋಷ ನನಗೆ ಗೊತ್ತಿರಲಿಲ್ಲ ಎಂದಲ್ಲ, ಒಪ್ಪಿಕೊಂಡಿರಲಿಲ್ಲ. ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಸೈಕಲ್ ಕಲಿಯುವವರ ಹಾಗೆ. ಅಲ್ಲಿಯವರೆಗೆ ಒಂದು ಉಪಾಯ ಹುಡುಕಿಕೊಂಡೆ. ದ್ರಾಕ್ಷಿ ಗೊಂಚಲಿನಂತೆ ದುಂಡಗಿದ್ದರೆ ನೇರಳೆ, ಕೋಲಿನಂತಿದ್ದರೆ ಗುಲಾಬಿ ಎಂದು ಬರೆಯುವುದು. ಇದು ಬಹುಮಟ್ಟಿಗೆ ನಿಜ. ಆದರೆ ಕೋಲಿನಂತಿದ್ದೂ ನೇರಳೆಯಾಗಿಯೇ ಉಳಿಯುವ ಹಟಮಾರಿ ಬ್ಯಾಕ್ಟೀರಿಯಾಗಳಿವೆ, ಮೇಡಂ ಟೆಸ್ಟಿಗೆ ಅವನ್ನೇ ಇಟ್ಟರು. ನಾನು ಗುಲಾಬಿ ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದೆ.

ನನ್ನ ಟೇಬಲ್ಲಿನಲ್ಲೇ ಕೆಲಸ ಮಾಡುತ್ತಿದ್ದವಳು ಕುದೂರಿನ ಭಾಗ್ಯ. ಹೆಚ್ಚು ಮಾತಿಲ್ಲ, ಆದರೆ ಆಡಿದ ಮಾತು ಅಳತೆ ಮಾಡಿ ಹಾಕಿದ ಹಾಗಿರುತ್ತಿತ್ತು. ಟೆಸ್ಟ್ ಮುಗಿದ ಮೇಲೆ ತನ್ನ ಬಳೆಗಳ ಮೇಲೆ ಬೆರಳಿಟ್ಟು, "ಇದ್ಯಾವ ಬಣ್ಣ, ಹೇಳು" ಎಂದಳು.

"ಕೆಂಪು."

"ಇದು?"

"ಅದೂ ಕೆಂಪೇ. ಸ್ವಲ್ಪ ಹಳೇದು."

ಭಾಗ್ಯ ಬಳೆಗಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು. "ಒಂದು ಹಸ್ರು, ಒಂದು ಕಂದು. ನಿಂಗೆ ಕಾಣಕಿಲ್ಲ ಅಲ್ವಾ?" ನಗುತ್ತಾಳೆಂದು ಕಾದೆ. ನಗಲಿಲ್ಲ. "ಮೊದ್ಲೇ ಹೇಳ್ಬಾರ್ದಾ? ನಾನು ನಿನ್ನ ದಡ್ಡ ಅಂದ್ಕಂಡಿದ್ದೆ" ಎಂದಳು. ಅಂದಿನಿಂದ ನಾನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಅವಳು ಪಕ್ಕದಲ್ಲಿ ಕೆಮ್ಮುತ್ತಿದ್ದಳು. ಕೆಮ್ಮಿದರೆ ಗುಲಾಬಿ, ಸುಮ್ಮನಿದ್ದರೆ ನೇರಳೆ. ಆ ಚಳಿಗಾಲ ಅವಳಿಗೆ ನಿಜವಾದ ನೆಗಡಿ ಬಂದಾಗ ನನ್ನ ಲೋಕವೆಲ್ಲ ಗುಲಾಬಿಯಾಗಿಬಿಟ್ಟಿತು.

ಕೊನೆಯ ವರ್ಷ ನಮ್ಮನ್ನು ತರಬೇತಿಗೆ ಕನಕಪುರದ ಒಂದು ಆಸ್ಪತ್ರೆಯ ಲ್ಯಾಬಿಗೆ ಹಾಕಿದರು. ಭಾಗ್ಯ ಅಕ್ಕನ ಬಾಣಂತನಕ್ಕೆಂದು ರಜೆ ಹಾಕಿದ ದಿನ, ಕ್ಷಯ ಇದೆಯೇ ಎಂದು ನೋಡಲು ಒಂದು ಕಫದ ಸ್ಲೈಡು ನನ್ನ ಪಾಲಿಗೆ ಬಂತು. ನೀಲಿಯ ನಡುವೆ ಕೆಂಪು ಕಡ್ಡಿಗಳು ಕಂಡರೆ ಕಾಯಿಲೆ ಇದೆ ಎಂದರ್ಥ. ನನಗೆ ನೀಲಿ ಚೆನ್ನಾಗಿ ಕಂಡಿತು. ಬೇರೇನೂ ಕಾಣಲಿಲ್ಲ. ಅಲ್ಲೇನೂ ಇಲ್ಲದೆ ಕಾಣಲಿಲ್ಲವೋ, ಇದ್ದೂ ಕಾಣಲಿಲ್ಲವೋ? ಹೊರಗೆ ಬೆಂಚಿನ ಮೇಲೆ ಸಾತನೂರಿನ ಕಡೆಯ ಅಜ್ಜಿಯೊಬ್ಬಳು ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಬಾಗಿಲಿಗೆ ಬಂದಾಗ, "ಏನಾರ ಐತಾ ಮಗ? ಇಲ್ಲ ಅಂದ್ರೆ ಬಸ್ಸಿಗೆ ಹೊಂಟೋಯ್ತೀನಿ, ಹಸ ಕರೀಬೇಕು" ಎಂದಳು.

ಇಲ್ಲ ಎಂದಿದ್ದರೆ ಅಜ್ಜಿ ಖುಷಿಯಾಗಿ ಹೊರಟುಹೋಗುತ್ತಿದ್ದಳು. ಅವಳು ನನ್ನ ಬಿಳಿ ಕೋಟನ್ನು ಪೂರ್ತಿ ನಂಬಿಕೆಯಿಂದ ನೋಡುತ್ತಿದ್ದಳು. "ಒಸಿ ಇರಜ್ಜಿ" ಎಂದು ಒಳಗೆ ಹೋದೆ. ತರಬೇತಿ ನೋಡಲು ಅಂದು ಮೇಡಂ ಬಂದಿದ್ದರು. ಅವರ ಮುಂದೆ ನಿಂತು, "ಮೇಡಂ, ನನಗೆ ಕೆಂಪು ಕಾಣಲ್ಲ. ಗುಲಾಬಿನೂ ಕಾಣಲ್ಲ. ಯಾವತ್ತೂ ಕಂಡಿಲ್ಲ. ಆ ಸ್ಲೈಡ್ ನೀವೇ ನೋಡಿ" ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂತರು. ಸ್ಲೈಡು ಸರಿಸುತ್ತಾ ಬಹಳ ಹೊತ್ತು ಕೂತರು. ಆಮೇಲೆ, "ಇದೆ. ತುಂಬಾ ಇದೆ" ಎಂದರು. ಅಜ್ಜಿಗೆ ಅಂದೇ ಔಷಧಿ ಶುರುವಾಯಿತು. ಹಸು ಕರೆಯುವ ಹೊತ್ತು ಮೀರಿತೆಂದು ಅವಳು ನನ್ನನ್ನು ಬೈದುಕೊಂಡೇ ಬಸ್ಸು ಹತ್ತಿದಳು. ಕೆಲವು ತಿಂಗಳ ಮೇಲೆ ಮೈ ಕೈ ತುಂಬಿಕೊಂಡು ಬಂದಾಗಲೂ ಬೈದಳು. ಅಷ್ಟು ಹಿತವಾದ ಬೈಗುಳ ನನಗೆ ಮತ್ತೆ ಸಿಕ್ಕಿಲ್ಲ.

ಕಾಲೇಜು ಬಿಡಿಸುತ್ತಾರೆಂದೇ ತಿಳಿದು ಮನೆಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಮಶೀನು ನಿಲ್ಲಿಸಿ, ಮಡಿಲ ಮರದ ಪುಡಿ ಕೊಡವಿಕೊಂಡರು. "ನಂಗೊತ್ತಿತ್ತು ಕಣಪ್ಪ. ಆ ಗಿಳಿ ನೋಡಿದ್ ದಿನ್ವೇ ಗೊತ್ತಾಯ್ತು. ಹುಡ್ಗ ನೊಂದ್ಕತಾನೆ ಅಂತ ಹೇಳ್ನಿಲ್ಲ." ಮತ್ತೆ ಮಶೀನಿನ ಕಡೆ ತಿರುಗಿ, "ಕೋಟು ಬೆಳ್ಳಗಿತ್ತಲ್ಲ, ಒಳಗೂ ಎಲ್ಲಾ ಬೆಳ್ಳಗೇ ಇರ್ತದೆ ಅಂದ್ಕಂಬುಟ್ಟೆ" ಎಂದರು. ಅಡುಗೆಮನೆಯಿಂದ ಅಮ್ಮ, "ನಮ್ಮಪ್ಪಂಗೂ ಹಿಂಗೇ ಇತ್ತು. ಹಣ್ ಮೆಣಸಿನಕಾಯಿ ಬುಟ್ಟು ಕಾಯನ್ನೇ ಬಿಡಿಸ್ಕಂಡ್ ಬರೋರು. ಅದೇನ್ ದೊಡ್ ವಿಷ್ಯ" ಎಂದಳು. ತಾತನ ಈ ದೋಷ ಮಗಳನ್ನು ದಾಟಿ ಮೊಮ್ಮಗನಿಗೆ ಬರುತ್ತದೆಂಬುದು ನಮ್ಮ ಪಾಠದಲ್ಲೇ ಇತ್ತು. ಆ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದಿದ್ದೆ. ಅದು ನನ್ನ ಮನೆಯ ಸುದ್ದಿ ಎಂದು ಮಾತ್ರ ಹೊಳೆದಿರಲಿಲ್ಲ.

ಮೇಡಂ ಕಾಲೇಜು ಬಿಡಿಸಲಿಲ್ಲ. ಬಯೋಕೆಮಿಸ್ಟ್ರಿಯ ಕೋಣೆಗೆ ಕರೆದುಕೊಂಡು ಹೋಗಿ ಒಂದು ಯಂತ್ರದ ಮುಂದೆ ಕೂರಿಸಿದರು. ದ್ರವದ ಬಣ್ಣ ಎಷ್ಟು ಗಾಢವಾಗಿದೆ ಎಂಬುದನ್ನು ಅದು ಅಂಕಿಯಲ್ಲಿ ಹೇಳುತ್ತಿತ್ತು. "ಲ್ಯಾಬ್ ಅಂದ್ರೆ ಬರೀ ಮೈಕ್ರೋಸ್ಕೋಪ್ ಅಲ್ಲಪ್ಪ. ನಿನಗೆ ಕಾಣದ್ದು ಯಾವುದು ಅಂತ ನಿನಗೆ ಗೊತ್ತು. ಕಾಣುತ್ತೆ ಅಂದುಕೊಂಡವರದ್ದೇ ನನಗೆ ಭಯ" ಎಂದರು. ಅಂಕಿಗಳಿಗೆ ಬಣ್ಣವಿಲ್ಲ. ಜೀವನದಲ್ಲಿ ಮೊದಲ ಸಲ ನಾನು ಬಣ್ಣದ ಬಗ್ಗೆ ಧೈರ್ಯವಾಗಿ ಬರೆದೆ. ಓದು ಮುಗಿದ ಮೇಲೆ ಹಾರೋಹಳ್ಳಿ ಕಡೆಯ ಒಂದು ಕಾರ್ಖಾನೆಯ ಲ್ಯಾಬಿನ ಇಂಟರ್‌ವ್ಯೂನಲ್ಲಿ ಹೆಸರು ಹೇಳಿದ ಕೂಡಲೇ ಕಣ್ಣಿನ ದೋಷವನ್ನೂ ಹೇಳಿಬಿಟ್ಟೆ. ಯಂತ್ರಗಳ ಲೆಕ್ಕ ನೋಡಿಕೊಳ್ಳುವ ಕೆಲಸ ಕೊಟ್ಟರು. ಭಾಗ್ಯ ಮಾಗಡಿಯ ಆಸ್ಪತ್ರೆಯೊಂದರಲ್ಲಿ ಮೈಕ್ರೋಸ್ಕೋಪ್ ಹಿಡಿದಳು. ಎರಡು ವರ್ಷ ಫೋನಿನಲ್ಲಿ ಲ್ಯಾಬಿನ ಸಂಗತಿಗಳನ್ನೇ ಮಾತಾಡಿದೆವು. ಆಮೇಲೆ ಬೇರೆ ಸಂಗತಿಯನ್ನೂ ಮಾತಾಡಿ, ಎರಡೂ ಮನೆಯವರನ್ನು ಒಪ್ಪಿಸಿ ಮದುವೆಯಾದೆವು.

ಮದುವೆಗೆ ಅವಳ ಸೀರೆಯನ್ನು ನಾನೇ ಆರಿಸಬೇಕೆಂದು ಹಟ ಹಿಡಿದಿದ್ದೆ. ಅಂಗಡಿಯವನನ್ನು ಪಕ್ಕಕ್ಕೆ ಕರೆದು, ಇದು ಎಲೆಹಸಿರು ತಾನೇ ಎಂದು ಕೇಳಿ ಖಾತ್ರಿ ಮಾಡಿಕೊಂಡೇ ತಂದೆ. ಭಾಗ್ಯ ಸಂತೋಷದಿಂದ ಉಟ್ಟಳು. ಮಗಳು ಹುಟ್ಟಿ, ಬೆಳೆದು, ಒಂದು ದಿನ "ಅಮ್ಮನ ಆ ಕಂದು ಸೀರೆ" ಎಂದಾಗಲೇ ನನಗೆ ನಿಜ ತಿಳಿದದ್ದು. ಆ ಅಂಗಡಿಯವನೂ ನಮ್ಮ ತಾತನ ಕಡೆಯವನೇ ಇರಬೇಕು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಭಾಗ್ಯಳನ್ನು ಕೇಳಿದೆ. "ನೀವು ಹಸ್ರು ಅಂತ ಕೊಟ್ರಿ, ನಾನು ಹಸ್ರು ಅಂತ್ಲೇ ಉಟ್ಕಂಡೆ" ಎಂದಳು. ಮಾರನೆಯ ದಿನ ಅವಳು ಕೆಲಸಕ್ಕೆ ಹೊರಟಾಗ ಮನಸ್ಸು ತುಂಬಿ ಬಂದು, "ಏನೇ ಹೇಳು, ಈ ಸೀರೆ ನಿನಗೆ ಬಹಳ ಒಪ್ಪುತ್ತೆ" ಎಂದೆ. ಅವಳು ನಕ್ಕು ಬಸ್ಸಿಗೆ ಹೋದಳು. ಅದು ಆ ಸೀರೆಯಲ್ಲ, ಚನ್ನಪಟ್ಟಣದ ಅಜ್ಜಿ ಕೊಟ್ಟ ಬೇರೆ ಸೀರೆ ಎಂದು ಮಗಳು ಆಮೇಲೆ ಹೇಳಿದಳು.